ಸಂದರ್ಶನದಲ್ಲಿ ನಿಮ್ಮ ಸಾಮರ್ಥ್ಯವನ್ನು ಹೇಳುವುದು ಹೇಗೆ?

"ನಿಮ್ಮಲ್ಲಿರುವ ಒಳ್ಳೆಯ ಗುಣಗಳೇನು?" ಉದ್ಯೋಗ ಸಂದರ್ಶನದಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಯಿದು. ಒಳ್ಳೆಯ ಅಂಕ ಪಡೆದ ಯುವಕ ಯುವತಿಯರೂ ಇಲ್ಲಿ ತಡವರಿಸುತ್ತಾರೆ. ತನ್ನ ಬೆನ್ನು ತಾನೇ ತಟ್ಟಿಕೊಳ್ಳಬಾರದು ಎಂದು ಮನೆಯಲ್ಲಿ ಕಲಿತವರಿಗೆ ಸಂಕೋಚ ಸಹಜ. ಆದರೆ ಎದುರು ಕುಳಿತವರಿಗೆ ನಿಮ್ಮ ಪರಿಚಯವಿಲ್ಲ. ಮಾಡಿದ ಕೆಲಸವನ್ನು ಇದ್ದ ಹಾಗೆ ಹೇಳುವುದು ಜಂಬವಲ್ಲ.

ಈ ಸಂಕೋಚದ ಬೆಲೆ ಸಣ್ಣದೇನಲ್ಲ. ಐ.ಬಿ.ಪಿ.ಎಸ್. ನಡೆಸುವ ಬ್ಯಾಂಕ್ ಪ್ರೊಬೇಷನರಿ ಆಫೀಸರ್ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆಗೆ ಶೇ. 80, ಸಂದರ್ಶನಕ್ಕೆ ಶೇ. 20ರ ತೂಕವಿದೆ. ಖಾಸಗಿ ಕಂಪೆನಿ, ಆಸ್ಪತ್ರೆ, ಶಾಲೆಗಳಲ್ಲಿ ಹೆಚ್ಚಾಗಿ ಸಂದರ್ಶನವೇ ನಿರ್ಣಾಯಕ.

ಗುಣದ ಹೆಸರು ಸಾಲದು

"ನಾನು ಪ್ರಾಮಾಣಿಕ, ಶ್ರಮಜೀವಿ" ಎಂದು ಎಲ್ಲರೂ ಹೇಳುತ್ತಾರೆ. ಕೇಳುವವರಿಗೆ ಬೇಕಾಗಿರುವುದು ಅದಕ್ಕೆ ಆಧಾರ. ಹಿಂದೆ ಹೇಗೆ ಕೆಲಸ ಮಾಡಿದ್ದಾರೋ ಮುಂದೆಯೂ ಹಾಗೆಯೇ ಮಾಡುವ ಸಾಧ್ಯತೆ ಹೆಚ್ಚು ಎಂಬ ನಂಬಿಕೆಯಿಂದ ಅವರು ನಡೆದ ಘಟನೆಗಳನ್ನು ಕೇಳುತ್ತಾರೆ. ಆದುದರಿಂದ ಉತ್ತರವನ್ನು ನಾಲ್ಕು ಹಂತಗಳಲ್ಲಿ ಕೊಡಿ:

1. ಸಂದರ್ಭ ಏನು?
2. ನಿಮ್ಮ ಜವಾಬ್ದಾರಿ ಏನಿತ್ತು?
3. ನೀವು ಏನು ಮಾಡಿದಿರಿ?
4. ಫಲ ಏನಾಯಿತು?

ಉದಾಹರಣೆಗೆ: "ನಮ್ಮ ಚರ್ಚ್‌ನ ವಾರ್ಷಿಕ ಹಬ್ಬದಲ್ಲಿ 400 ಜನರ ಊಟದ ಹೊಣೆ ನನ್ನದಾಗಿತ್ತು. ಹಿಂದಿನ ದಿನ ಸಂಜೆ ಅಡುಗೆಯವರು ಬರುವುದಿಲ್ಲವೆಂದರು. ನಾನು ಕೂಡಲೇ ಮೂವರನ್ನು ವಿಚಾರಿಸಿ ಒಬ್ಬರನ್ನು ಒಪ್ಪಿಸಿದೆ. ಮರುದಿನ 1 ಗಂಟೆಗೆ ಸರಿಯಾಗಿ ಊಟ ಬಡಿಸಿದೆವು. ಮೂರನೇ ದಿನ ಖರ್ಚಿನ ಲೆಕ್ಕ ಒಪ್ಪಿಸಿದೆ." ಇಲ್ಲಿ 'ಜವಾಬ್ದಾರಿ' ಎಂಬ ಗುಣ ತಾನಾಗಿಯೇ ಕಾಣುತ್ತದೆ. ಎಲ್ಲರೂ ಸೇರಿ ಮಾಡಿದ್ದಕ್ಕೆ 'ನಾವು' ಎನ್ನಿ, ನಿಮ್ಮ ಪಾಲಿಗೆ ಧೈರ್ಯವಾಗಿ 'ನಾನು' ಎನ್ನಿ.

ಅನುಭವವಿಲ್ಲದವರು

ಮೊದಲ ಕೆಲಸ ಹುಡುಕುವವರು ನಿರಾಶರಾಗಬೇಕಿಲ್ಲ. ಮಕ್ಕಳಿಗೆ ಟ್ಯೂಷನ್ ಕೊಟ್ಟದ್ದು, ಮನೆಯವರ ಅಂಗಡಿಯ ಲೆಕ್ಕ ನೋಡಿಕೊಂಡದ್ದು, ಹಾಸಿಗೆ ಹಿಡಿದ ಅಜ್ಜಿಯ ಆರೈಕೆ ಮಾಡುತ್ತಲೇ ಪರೀಕ್ಷೆ ಬರೆದದ್ದು, ಇವೂ ಅನುಭವಗಳೇ.

ಸಿದ್ಧತೆ

ಉದ್ಯೋಗ ಪ್ರಕಟಣೆಯನ್ನು ಎರಡು ಬಾರಿ ಓದಿ. ಆ ಕೆಲಸಕ್ಕೆ ಬೇಕಾದ ಮೂರು ಗುಣಗಳನ್ನು ಗುರುತಿಸಿ, ಒಂದೊಂದಕ್ಕೂ ಒಂದು ಘಟನೆ ಬರೆದಿಟ್ಟುಕೊಳ್ಳಿ. ಒಂದೂವರೆ ನಿಮಿಷದೊಳಗೆ ಮುಗಿಯುವಂತೆ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಬಾಯಿಪಾಠ ಬೇಡ. ಇಂಗ್ಲಿಷ್‌ನಲ್ಲಿ ಉತ್ತರಿಸಬೇಕಾದರೆ ಸಣ್ಣ ವಾಕ್ಯಗಳು ಸಾಕು. ಇಲ್ಲದ್ದನ್ನು ಸೇರಿಸಬೇಡಿ. ಎರಡನೇ ಮರುಪ್ರಶ್ನೆಗೇ ಅದು ಬಯಲಾಗುತ್ತದೆ, ಆಮೇಲೆ ನಿಮ್ಮ ನಿಜವಾದ ಮಾತನ್ನೂ ಅವರು ನಂಬುವುದಿಲ್ಲ.

ಯುವಜನರ ನಡುವೆ ಕೆಲಸ ಮಾಡುವವರು ಒಂದು ಭಾನುವಾರ ಅಣಕು ಸಂದರ್ಶನ ಏರ್ಪಡಿಸಬಹುದು. ಬ್ಯಾಂಕಿನಿಂದಲೋ ಶಾಲೆಯಿಂದಲೋ ನಿವೃತ್ತರಾದ ಇಬ್ಬರು, ಒಂದು ಮೇಜು, ನಾಲ್ಕು ಕುರ್ಚಿ ಇದ್ದರೆ ಸಾಕು. ತನ್ನ ಬಗ್ಗೆ ನಾಲ್ಕು ಮಾತನ್ನು ಮೊದಲ ಬಾರಿ ಹೇಳುವ ಜಾಗ ಕೆಲಸ ಕೊಡುವವರ ಕೋಣೆಯಾಗಬಾರದು.