ಕಾಳಿಂಗಕ್ಕೆ ಕಾಳಿಂಗ ಅನ್ನೋಕೆ 188 ವರ್ಷ

ಇವತ್ತಿನ ಸಂಚಿಕೆಯಲ್ಲಿ ಒಂದು ಹೆಸರಿನ ಕಥೆ.

ನಮ್ಮ ಬಿಳಗಿ ಕಡೆ, ಅಂದ್ರೆ ಸಿದ್ದಾಪುರ, ಶಿರಸಿ, ಯಲ್ಲಾಪುರದಲ್ಲಿ ಯಾರನ್ನೇ ಕೇಳಿ, ಆ ಉದ್ದನೆಯ ಪಟ್ಟೆ ಹಾವಿಗೆ ಒಂದೇ ಹೆಸರು: ಕಾಳಿಂಗ. ಕೃಷ್ಣ ಹೆಡೆ ಮೇಲೆ ಕುಣಿದದ್ದು ಕಾಳಿಂಗನ ಮೇಲೆ. ಪುಣ್ಯಕೋಟಿಯ ಕಥೆಯಲ್ಲಿ ದನ ಕಾಯೋ ಗೊಲ್ಲ ಕಾಳಿಂಗ. ಯಕ್ಷಗಾನದ ದೊಡ್ಡ ಭಾಗವತರು ಕಾಳಿಂಗ ನಾವಡರು. ಇಷ್ಟು ಹಳೆಯ, ಇಷ್ಟು ಬಳಕೆಯ ಹೆಸರು ವಿಜ್ಞಾನದ ಪಟ್ಟಿಗೆ ಸೇರಿದ್ದು ಮಾತ್ರ 2024ರ ಅಕ್ಟೋಬರ್‌ನಲ್ಲಿ. ಅಲ್ಲಿವರೆಗೆ ಏನಾಗಿತ್ತು? ಅದನ್ನೇ ನೋಡೋಣ.

1836ಕ್ಕೆ ಹೋಗೋಣ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಥಿಯೋಡೋರ್ ಕ್ಯಾಂಟರ್ ಅನ್ನೋ ಡ್ಯಾನಿಶ್ ವೈದ್ಯ ಇದ್ದರು. ಬಂಗಾಳದ ಸುಂದರಬನದ ಕಡೆ ಸಿಕ್ಕ ಹಾವನ್ನು ನೋಡಿ ವಿವರಣೆ ಬರೆದು, ಅದಕ್ಕೆ 'ಹಮಾಡ್ರಯಸ್ ಹನ್ನಾ' ಅಂತ ಹೆಸರಿಟ್ಟರು. ಮರುವರ್ಷ, 1837ರಲ್ಲಿ, ಹರ್ಮನ್ ಶ್ಲೆಗೆಲ್ ಜಾವಾದ ಹಾವಿಗೆ 'ನಾಜಾ ಬಂಗಾರಸ್' ಅಂದರು. 1864ರಲ್ಲಿ ಆಲ್ಬರ್ಟ್ ಗುಂಥರ್ 'ಓಫಿಯೋಫೇಗಸ್' ಅನ್ನೋ ಹೊಸ ಕುಲದ ಹೆಸರು ತಂದರು. ಅರ್ಥ, ಹಾವು ತಿನ್ನೋನು. ಕೇರೆಹಾವು, ನಾಗರಹಾವು ಎಲ್ಲವನ್ನೂ ನುಂಗೋ ಹಾವಿಗೆ ಇದಕ್ಕಿಂತ ಸರಿಯಾದ ಹೆಸರು ಬೇಕಾ?

ಆದ್ರೆ ಹೆಸರಿಡೋದಕ್ಕೆ ಒಂದು ನಿಯಮ ಇದೆ. ಯಾರು ಮೊದಲು ಸರಿಯಾಗಿ ಪ್ರಕಟಿಸ್ತಾರೋ ಅವರ ಹೆಸರೇ ನಿಲ್ಲುತ್ತೆ. ಜೊತೆಗೆ, ಒಂದೇ ಕುಲದ ಹೆಸರು ಎರಡು ಬೇರೆ ಪ್ರಾಣಿಗಳಿಗೆ ಇರೋ ಹಾಗಿಲ್ಲ. ಕ್ಯಾಂಟರ್ ಕೊಟ್ಟ 'ಹಮಾಡ್ರಯಸ್' ಅನ್ನು ಅಷ್ಟರಲ್ಲಾಗಲೇ ಅಮೆರಿಕ ಖಂಡದ ಚಿಟ್ಟೆಗಳ ಒಂದು ಕುಲಕ್ಕೆ ಇಟ್ಟಾಗಿತ್ತು. ಹಾಗಾಗಿ ಆ ಅರ್ಧ ಬಿದ್ದುಹೋಯ್ತು, 'ಹನ್ನಾ' ಉಳೀತು. ಬಹಳ ಕಾಲ ಇದನ್ನ ನಾಗರಹಾವಿನ ಕುಲವಾದ ನಾಜಾಕ್ಕೇ ಸೇರಿಸಿ 'ನಾಜಾ ಹನ್ನಾ' ಅಂತಲೂ ಬರೀತಿದ್ದರು. 1945ರಲ್ಲಿ ಚಾರ್ಲ್ಸ್ ಬೋಗರ್ಟ್ ಈ ಗೊಂದಲ ಬಿಡಿಸಿದ ಮೇಲೆ 'ಓಫಿಯೋಫೇಗಸ್ ಹನ್ನಾ' ಗಟ್ಟಿಯಾಯ್ತು. ಇಂಗ್ಲಿಷ್‌ನಲ್ಲಿ ಕಿಂಗ್ ಕೋಬ್ರಾ ಅಂದ್ರೂ ಇದು ನಾಗರಹಾವಲ್ಲ, ಇದರ ಕುಲವೇ ಬೇರೆ.

ಈಗ ದೊಡ್ಡ ಪ್ರಶ್ನೆ. ಹಿಮಾಲಯದ ತಪ್ಪಲು, ಥೈಲ್ಯಾಂಡ್, ಜಾವಾ, ಫಿಲಿಪ್ಪೀನ್ಸ್, ನಮ್ಮ ಮಲೆನಾಡು: ಇಷ್ಟು ದೂರದೂರ ಇರೋ ಹಾವುಗಳೆಲ್ಲ ಒಂದೇನಾ? ಬಣ್ಣ, ಪಟ್ಟೆ ಬೇರೆಬೇರೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಆದ್ರೂ ಪುಸ್ತಕದಲ್ಲಿ ಒಂದೇ ಹೆಸರು.

ಇದನ್ನ ಬೆನ್ನು ಹತ್ತಿದವರಲ್ಲಿ ಮುಖ್ಯ ಹೆಸರು ಆಗುಂಬೆಯಲ್ಲಿ ಕೆಲಸ ಮಾಡಿದ ಪಿ. ಗೌರಿಶಂಕರ್. 2005ರಲ್ಲಿ ಅವರಿಗೆ ಕಾಳಿಂಗ ಕಚ್ಚಿತ್ತು. ಥೈಲ್ಯಾಂಡ್‌ನ ಕಾಳಿಂಗದ ವಿಷದಿಂದ ತಯಾರಾದ ಔಷಧಿ ಕೊಟ್ಟರೂ ಅದು ನಾಟಲಿಲ್ಲ ಅಂತ ಅವರೇ ಹೇಳಿದ್ದಾರೆ. ಅಲ್ಲಿಯ ಹಾವು ಇಲ್ಲಿಯ ಹಾವು ಬೇರೆ ಇರಬಹುದಾ ಅನ್ನೋ ಅನುಮಾನ ಅಲ್ಲಿಂದ ಬೆಳೀತು. ಒಬ್ಬರ ಅನುಭವ ಪುರಾವೆ ಆಗಲ್ಲ, ಪ್ರಶ್ನೆ ಆಗುತ್ತೆ. ಪುರಾವೆಗೆ ವರ್ಷಗಟ್ಟಲೆ ಕೆಲಸ ಬೇಕಾಯ್ತು. 2021ರಲ್ಲಿ ಡಿಎನ್‌ಎ ಅಧ್ಯಯನ ಹೊರಬಂತು. ನಾಲ್ಕು ಪ್ರತ್ಯೇಕ ವಂಶಗಳು ಕಂಡವು. ಆಮೇಲೆ ಮ್ಯೂಸಿಯಂಗಳಲ್ಲಿಟ್ಟ ಹಳೆಯ ಹಾವುಗಳ ಹುರುಪೆ, ಪಟ್ಟೆ, ಹಲ್ಲು ಎಲ್ಲ ಹೋಲಿಸಿ, 2024ರಲ್ಲಿ ಇಂದ್ರನೀಲ್ ದಾಸ್, ಗೌರಿಶಂಕರ್, ವುಲ್ಫ್‌ಗ್ಯಾಂಗ್ ವುಸ್ಟರ್ ಮತ್ತು ಸಂಗಡಿಗರು ಯುರೋಪಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿಯಲ್ಲಿ ಪ್ರಕಟಿಸಿದರು.

ಹಂಚಿಕೆ ಹೀಗಾಯ್ತು. ಕ್ಯಾಂಟರ್ ನೋಡಿದ್ದು ಬಂಗಾಳದ ಹಾವು, ಹಾಗಾಗಿ ಉತ್ತರ ಮತ್ತು ಪೂರ್ವ ಭಾರತದಿಂದ ಥೈಲ್ಯಾಂಡ್ ಕಡೆಗಿನದ್ದು ಹನ್ನಾ ಆಗಿಯೇ ಉಳೀತು. ಮಲಯ, ಸುಮಾತ್ರಾ, ಬೋರ್ನಿಯೋ, ಜಾವಾದ್ದಕ್ಕೆ ಶ್ಲೆಗೆಲ್ ಇಟ್ಟಿದ್ದ 'ಬಂಗಾರಸ್' ಮತ್ತೆ ಜೀವ ಪಡೀತು. ಫಿಲಿಪ್ಪೀನ್ಸ್‌ನ ಲೂಝಾನ್ ದ್ವೀಪದ್ದಕ್ಕೆ 'ಸಾಲ್ವಟಾನಾ'. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಹಳೆಯ ಹೆಸರು ಯಾವುದೂ ಇರಲಿಲ್ಲ. ಇಟ್ಟ ಹೊಸ ಹೆಸರು: ಓಫಿಯೋಫೇಗಸ್ ಕಾಳಿಂಗ. ಹೌದು, ಕನ್ನಡದ ಪದವೇ. ಗುರುತು ಏನು ಅಂದ್ರೆ, ದೊಡ್ಡ ಹಾವಿನ ಮೈಮೇಲೆ ಪಟ್ಟೆ ಕಮ್ಮಿ, 40ರೊಳಗೆ. ಹನ್ನಾದ ಪಟ್ಟೆಗಿರೋ ಕಪ್ಪು ಅಂಚು ಇದಕ್ಕಿಲ್ಲ.

'ಹೆಸರು ಬದಲಾದ್ರೆ ಹಾವಿಗೇನು?' ಅಂತ ಕೇಳಬಹುದು. ನನಗನ್ನಿಸೋದು, ಬಹಳ ವ್ಯತ್ಯಾಸ ಇದೆ. ನಿನ್ನೆವರೆಗೆ ಇಲ್ಲಿ ಕಾಡು ಹೋದ್ರೆ, 'ಬೇರೆ ದೇಶದಲ್ಲಿ ಇದೆಯಲ್ಲ' ಅನ್ನಬಹುದಿತ್ತು. ಈಗ ಹಾಗಿಲ್ಲ. ಈ ಪ್ರಭೇದ ಇರೋದು ಪಶ್ಚಿಮ ಘಟ್ಟದಲ್ಲಿ ಮಾತ್ರ. ಇಲ್ಲಿ ಕಳೆದುಕೊಂಡ್ರೆ ಎಲ್ಲೂ ಇಲ್ಲ. ಔಷಧಿಯ ವಿಷಯವೂ ಹಾಗೇ. ಭಾರತದಲ್ಲಿ ಸಿಗೋ ಹಾವಿನ ವಿಷದ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ತಯಾರಾಗೋದು. ಕಾಳಿಂಗ ಅದರಲ್ಲಿಲ್ಲ. ಪ್ರಭೇದ ಬೇರೆ ಅಂದಮಾತ್ರಕ್ಕೆ ವಿಷವೂ ಬೇರೆ ಅಂತ ಸಾಬೀತಾಗಲ್ಲ, ಅದನ್ನ ಬೇರೆಯಾಗಿ ಪರೀಕ್ಷಿಸಬೇಕು. ಆದ್ರೆ ಯಾವ ಹಾವಿನ ವಿಷ ಪರೀಕ್ಷಿಸಬೇಕು ಅನ್ನೋದಾದ್ರೂ ಈಗ ಸ್ಪಷ್ಟ.

ಇನ್ನೊಂದು ಮಾತು, ನಮ್ಮ ಊರಿನವರಿಗೆ. ಹಾವುಗಳಲ್ಲಿ ಎಲೆ ಒಟ್ಟುಮಾಡಿ ಗೂಡು ಕಟ್ಟೋದು ಕಾಳಿಂಗದ ಹೆಣ್ಣು ಮಾತ್ರ. ಬೇಸಿಗೆಯಲ್ಲಿ ಒಣಗಿದ ಎಲೆಗಳನ್ನ ಮೈಯಿಂದ ಎಳೆದು ಗುಡ್ಡೆ ಮಾಡಿ, ಒಳಗೆ ಮೊಟ್ಟೆ ಇಟ್ಟು ಕಾವಲು ಕೂರುತ್ತೆ. ನಾವು ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸಿ ತೋಟಕ್ಕೆ, ಕೊಟ್ಟಿಗೆಗೆ ತರೋದೂ ಬೇಸಿಗೆಯಲ್ಲೇ. ಅದಕ್ಕೂ ಬೇಕು, ನಮಗೂ ಬೇಕು. ಎಲೆಯ ಗುಡ್ಡೆ ಅಸಹಜವಾಗಿ ಎತ್ತರ ಕಂಡ್ರೆ ಕೋಲು ಹಾಕಬೇಡಿ, ಹಿಂದೆ ಸರಿದು ಅರಣ್ಯ ಇಲಾಖೆಗೆ ಫೋನ್ ಮಾಡಿ. ಹಾವನ್ನ ಬಾಲ ಹಿಡಿದು ರೀಲ್ಸ್ ಮಾಡೋರಿಗೆ ಲೈಕ್ ಕೊಡಬೇಡಿ. ದೂರದ ಇನ್ಯಾವುದೋ ಕಾಡಿಗೆ ಒಯ್ದು ಬಿಡೋದು ಉಪಕಾರ ಅಲ್ಲ, ಅದಕ್ಕೂ ಅದರದ್ದೇ ಊರು ಇರುತ್ತೆ.

ಅಜ್ಜ-ಅಜ್ಜಿ ಬಾಯಲ್ಲಿ ಇದ್ದ ಪದ ಈಗ ಜಗತ್ತಿನ ಎಲ್ಲ ಮ್ಯೂಸಿಯಂಗಳ ಚೀಟಿ ಮೇಲೆ ಬರಬೇಕು. ಹೆಸರು ನಮ್ಮ ಭಾಷೆಯದ್ದು, ಹಾವು ನಮ್ಮ ಬೆಟ್ಟದ್ದು. ಜವಾಬ್ದಾರಿ ಯಾರದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ನಿಮ್ಮ ಊರಲ್ಲಿ ಈ ಹಾವಿಗೆ ಬೇರೆ ಹೆಸರಿದ್ರೆ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.