ಹಿತ್ತಾಳೆಯ ಸತುನಷ್ಟ

ಕಡಲ ನೀರಿಗೆ ಒಡ್ಡಿದ ಹಿತ್ತಾಳೆಯಿಂದ ಸತು ಮಾತ್ರ ಹೊರಟುಹೋಗಿ, ತೂತುತೂತಾದ ದುರ್ಬಲ ತಾಮ್ರ ಉಳಿಯುವ ಸಂಕ್ಷಾರಣ ಕ್ರಿಯೆ. ದೋಣಿಗಳಲ್ಲಿ ನೀರಿನ ಮಟ್ಟದ ಕೆಳಗೆ ಕೂರಿಸಿದ ವಾಲ್ವು, ಪೈಪಿನ ಜೋಡಣೆ, ತಿರುಪುಮೊಳೆಗಳು ಸೂಚನೆಯಿಲ್ಲದೆ ಮುರಿಯಲು ಇದು ಪ್ರಮುಖ ಕಾರಣ. ಕಬ್ಬಿಣದ ತುಕ್ಕಿನಂತೆ ಹಕ್ಕಳೆಯೇಳುವುದಿಲ್ಲ. ವಸ್ತುವಿನ ಆಕಾರ, ಅಳತೆ ಇದ್ದ ಹಾಗೆಯೇ ಇರುತ್ತವೆ. ಹಳದಿ ಹೋಗಿ ನಸುಗೆಂಪು ಬಂದಿರುತ್ತದೆ, ಅದೂ ಹಲವು ಸಲ ಹಸಿರು ಕಿಲುಬಿನಡಿ ಅಡಗಿರುತ್ತದೆ.

ತಾಮ್ರದ ಪ್ರಮಾಣಿತ ವಿದ್ಯುದ್ವಿಭವ +0.34 ವೋಲ್ಟ್, ಸತುವಿನದು -0.76 ವೋಲ್ಟ್; ವಿಭವ ಕಡಿಮೆಯಿರುವ ಲೋಹವೇ ಮೊದಲು ಕರಗುತ್ತದೆ. ಸುಮಾರು ಶೇ. 3.5ರಷ್ಟು ಲವಣವಿರುವ ಸಮುದ್ರದ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಸತು ಸುಲಭವಾಗಿ ಬಲಿಯಾಗುತ್ತದೆ. ಎರಡು ಲೋಹಗಳೂ ಕರಗಿ, ತಾಮ್ರವಷ್ಟೇ ಮರಳಿ ಅಲ್ಲೇ ಕೂರುತ್ತದೆಂಬ ವಿವರಣೆಯೂ ಇದೆ. ನೀರು ನಿಂತು ಬೆಚ್ಚಗಾದ ಕಡೆ, ಕೆಸರು ಅಥವಾ ಚಿಪ್ಪುಜೀವಿಗಳು ಅಂಟಿದ ಕಡೆ ಕೊರೆತ ಚುರುಕಾಗುತ್ತದೆ. ದೋಣಿಯ ವಿದ್ಯುತ್ ತಂತಿಗಳಿಂದ ಸೋರುವ ಪ್ರವಾಹ ಇದನ್ನು ಬಹಳ ಬೇಗ ಮುಗಿಸಬಲ್ಲದು.

ಎಲ್ಲ ಹಿತ್ತಾಳೆಯೂ ಒಂದೇ ಅಲ್ಲ. ಸತು ಶೇ. 15ಕ್ಕಿಂತ ಕಡಿಮೆಯಿದ್ದರೆ ಅಪಾಯ ತೀರಾ ಅಲ್ಪ. ಸತು ಹೆಚ್ಚಿದಂತೆ, ತಾಮ್ರ ಹೆಚ್ಚಿರುವ ಆಲ್ಫಾ ಹರಳುಗಳ ನಡುವೆ ಸತುಸಮೃದ್ಧ ಬೀಟಾ ಹರಳುಗಳು ಮೂಡುತ್ತವೆ. ಕೊರೆತ ಇವುಗಳನ್ನೇ ಹಿಡಿದು ಒಳಹೋಗುತ್ತದೆ. ಶೇ. 0.02ರಿಂದ 0.06ರಷ್ಟು ಆರ್ಸೆನಿಕ್ ಬೆರೆಸಿದರೆ ಆಲ್ಫಾಕ್ಕೆ ರಕ್ಷಣೆ ಸಿಗುತ್ತದೆ, ಬೀಟಾಕ್ಕೆ ಇಲ್ಲ. ನೌಕಾ ಹಿತ್ತಾಳೆಗೆ ಸೇರಿಸುವ ಶೇ. 1ರಷ್ಟು ತವರ ಕೊರೆತವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ; ಹೆಸರನ್ನು ನಂಬಿ ಕೊಳ್ಳುವಂತಿಲ್ಲ. ‘ಮ್ಯಾಂಗನೀಸ್ ಕಂಚು’ ಎಂದು ಮಾರುವುದರಲ್ಲಿಯೂ ಸುಮಾರು ಶೇ. 40ರಷ್ಟು ಸತುವಿದ್ದು, ಅದು ಹಿತ್ತಾಳೆಯೇ.

ಹಾಗಾದರೆ ಹಳೆಯ ಹಡಗುಗಳಲ್ಲಿ ಇದೇ ಲೋಹ ಹೇಗೆ ಬಾಳಿತು? ಜಾರ್ಜ್ ಫ್ರೆಡರಿಕ್ ಮಂಟ್ಜ್ 1832ರಲ್ಲಿ ಪೇಟೆಂಟ್ ಪಡೆದ 60:40ರ ತಾಮ್ರ-ಸತು ಮಿಶ್ರಲೋಹದ ತಗಡನ್ನು 1869ರಲ್ಲಿ ನೀರಿಗಿಳಿದ ‘ಕಟಿ ಸಾರ್ಕ್’ ಹಡಗಿನ ತಳಕ್ಕೂ ಹೊದಿಸಲಾಗಿತ್ತು. ಅಲ್ಲಿ ಭಾರ ಹೊರುತ್ತಿದ್ದುದು ಒಳಗಿನ ಹಲಗೆ ಮತ್ತು ಕಬ್ಬಿಣದ ಚೌಕಟ್ಟು. ಸವೆದ ತಗಡನ್ನು ಬದಲಿಸಬಹುದಿತ್ತು. ವಾಲ್ವಿನ ಕುತ್ತಿಗೆಗೆ ಆ ಸವಲತ್ತಿಲ್ಲ: ಅದು ತುಂಡಾದರೆ ನೀರು ನೇರವಾಗಿ ಒಳನುಗ್ಗುತ್ತದೆ.

ಸತುನಷ್ಟಕ್ಕೆ ಮಣಿಯದ ಹಿತ್ತಾಳೆಯನ್ನು ಗುರುತಿಸಲು ಐಎಸ್ಒ 6509 ಪರೀಕ್ಷೆಯಿದೆ: ಮಾದರಿಯನ್ನು 75 ಡಿಗ್ರಿ ಸೆಲ್ಸಿಯಸ್‌ನ ತಾಮ್ರದ ಕ್ಲೋರೈಡ್ ದ್ರಾವಣದಲ್ಲಿ 24 ಗಂಟೆ ಇಟ್ಟು, ಕೊರೆತದ ಆಳವನ್ನು ಅಳೆಯುತ್ತಾರೆ. ಇಂಥ ಹಿತ್ತಾಳೆ ಅಥವಾ ತಾಮ್ರಕ್ಕೆ ತವರ ಬೆರೆಸಿದ ಗನ್‌ಮೆಟಲ್ ಕಡಲಿಗೆ ತಕ್ಕದ್ದು. ಬಳಕೆಯಲ್ಲಿರುವ ಭಾಗವನ್ನು ಕೆರೆದಾಗ ಕೆಂಪು ಕಂಡರೆ, ತಟ್ಟಿದಾಗ ಮಂಕು ಸದ್ದು ಬಂದರೆ ಅನುಮಾನಿಸಬೇಕು. ಒಮ್ಮೆ ಸತು ಕಳೆದುಕೊಂಡ ಭಾಗವನ್ನು ದುರಸ್ತಿ ಮಾಡಲಾಗದು; ಬದಲಿಸುವುದೊಂದೇ ದಾರಿ.