ಹಲವರು ಬಳಸುವ ಕಂಪ್ಯೂಟರ್: ಯಾರಿಗೆ ಎಷ್ಟು ಅಧಿಕಾರ?

ಒಂದೇ ಕಂಪ್ಯೂಟರನ್ನು ಹತ್ತಾರು ಜನ ಬಳಸುವ ಕಡೆ ಯಾರು ಏನು ಮಾಡಬಹುದು, ಏನು ಮಾಡಬಾರದು ಎಂಬ ಚರ್ಚೆ 1960ರ ದಶಕದ್ದು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ 1961ರಲ್ಲಿ ಮಾಡಿ ತೋರಿಸಿದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ, ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲೆಂದು ಪಾಸ್‌ವರ್ಡ್ ಬಳಕೆಗೆ ಬಂತು. 1962ರಲ್ಲೇ ಅದಕ್ಕೆ ತೂತು ಬಿತ್ತು. ಯಂತ್ರದ ಮೇಲೆ ತನಗೆ ಕೊಟ್ಟ ಸಮಯ ಸಾಲದ ಅಲನ್ ಶೆರ್ ಎಂಬ ಸಂಶೋಧಕ ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಪ್ರಿಂಟ್ ಹಾಕಿಸಿಕೊಂಡ. ಪ್ರತಿಯೊಬ್ಬ ಬಳಕೆದಾರನಿಗೂ ಪ್ರತಿಯೊಂದು ಪ್ರೋಗ್ರಾಂಗೂ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಲಿ ಎಂಬ ಸೂತ್ರವನ್ನು ಜೆರೋಮ್ ಸಾಲ್ಟ್ಜರ್, ಮೈಕೆಲ್ ಶ್ರೋಡರ್ 1975ರಲ್ಲಿ ವಿವರವಾಗಿ ಬರೆದರು. ಇವತ್ತಿಗೂ ಅದನ್ನು ಮೀರಿಸಿದ ಸೂತ್ರ ಬಂದಿಲ್ಲ.

ಪರ್ಸನಲ್ ಕಂಪ್ಯೂಟರ್ ಬಂದಾಗ ಈ ವಿವೇಕವೆಲ್ಲ ಬದಿಗೆ ಸರಿಯಿತು. 1981ರ ಎಂಎಸ್-ಡಾಸ್‌ಗೆ ಬಳಕೆದಾರರಲ್ಲಿ ಭೇದವೇ ಗೊತ್ತಿರಲಿಲ್ಲ. ಎದುರು ಕೂತವನೇ ಒಡೆಯ. ವಿಂಡೋಸ್ 95ರ ಲಾಗಿನ್ ಪೆಟ್ಟಿಗೆಯನ್ನು ಎಸ್ಕೇಪ್ ಕೀಲಿ ಒತ್ತಿ ದಾಟಬಹುದಿತ್ತು. ಶಾಲೆ, ಗ್ರಂಥಾಲಯಗಳಲ್ಲಿ ಯಂತ್ರ ನೋಡಿಕೊಳ್ಳುವವರು ಆಗ ಹಿಡಿದದ್ದು ಮರೆಮಾಚುವ ದಾರಿ: ರನ್ ಮೆನು ತೆಗೆಯುವುದು, ಸಿ ಡ್ರೈವ್ ಕಾಣದಂತೆ ಮಾಡುವುದು, ಕಂಟ್ರೋಲ್ ಪ್ಯಾನೆಲ್ ಅಡಗಿಸುವುದು. ಚುರುಕು ಹುಡುಗರು ವರ್ಡ್‌ನಲ್ಲಿ ಫೈಲ್ ತೆರೆಯುವ ಪೆಟ್ಟಿಗೆಗೆ ಹೋಗಿ, ರೈಟ್ ಕ್ಲಿಕ್ ಮಾಡಿ, ಬೇಕಾದ ಪ್ರೋಗ್ರಾಂ ನಡೆಸುತ್ತಿದ್ದರು. ಬಾಗಿಲು ಕಾಣದಿದ್ದರೂ ಬೀಗ ಬಿದ್ದಿರಲಿಲ್ಲ.

ನಿಜವಾದ ಬೀಗ 1993ರ ವಿಂಡೋಸ್ ಎನ್‌ಟಿಯದು: ಪ್ರತಿ ಕಡತಕ್ಕೂ ಪ್ರತ್ಯೇಕ ಅನುಮತಿ. ವಿಂಡೋಸ್ 2000ದ ಗ್ರೂಪ್ ಪಾಲಿಸಿಯಿಂದ ಒಂದೇ ಕಡೆ ಕೂತು ನೂರಾರು ಯಂತ್ರಗಳನ್ನು ಕಟ್ಟಿಹಾಕಬಹುದಾಯಿತು. ಲಿನಕ್ಸ್ ಕಡೆ ಕೆಡಿಇ ಎಂಬ ಡೆಸ್ಕ್‌ಟಾಪ್ ಕೂಡ ಸೆಟ್ಟಿಂಗ್‌ಗಳನ್ನು ಬದಲಿಸಲಾಗದಂತೆ ಮಾಡುವ ಕಿಯೋಸ್ಕ್ ಸೌಲಭ್ಯ ತಂದಿತು.

ಈ ಬಿಗಿ ಕನ್ನಡಿಗರಿಗೆ ತಟ್ಟಿದ ಬಗೆಯೇ ಬೇರೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇತ್ತು, ಕನ್ನಡ ಕೀಲಿಮಣೆಯೂ ಇತ್ತು. ಆದರೆ ಒತ್ತಕ್ಷರ ಸರಿಯಾಗಿ ಮೂಡಬೇಕಾದರೆ ಪ್ರಾದೇಶಿಕ ಭಾಷೆಯ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಿ, ವಿಂಡೋಸ್ ಸಿಡಿಯಿಂದ ಕಡತ ಸೇರಿಸಬೇಕಿತ್ತು. ಅದಕ್ಕೆ ಅಡ್ಮಿನ್ ಅಧಿಕಾರ ಬೇಕು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ ಹಾಕಿಕೊಳ್ಳಲೂ ಹಾಗೆಯೇ. ವೈರಸ್ ತಡೆಯಲೆಂದು ಹಾಕಿದ ಬೀಗ ಕನ್ನಡ ಟೈಪಿಂಗನ್ನೂ ಹೊರಗಿಟ್ಟಿತು. ಇದನ್ನು ಸಣ್ಣ ತೊಡಕೆಂದು ತಳ್ಳಿಹಾಕುವಂತಿಲ್ಲ. ಸಾರ್ವಜನಿಕ ಯಂತ್ರವನ್ನೇ ನಂಬಿದವರಿಗೆ ಮನೆಯಲ್ಲಿ ಬೇರೆ ಯಂತ್ರ ಇರುವುದಿಲ್ಲ.

ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಒಳ್ಳೆಯ ಯೋಚನೆ, ತಡೆಯುವುದರ ಬದಲು ಅಳಿಸುವುದು. ಡೀಪ್ ಫ್ರೀಜ್ ತಂತ್ರಾಂಶ ಮೂಲ ಡಿಸ್ಕನ್ನು ಮುಟ್ಟಗೊಡದೆ ಬದಲಾವಣೆಗಳನ್ನೆಲ್ಲ ಬೇರೆಡೆ ಬರೆಸುತ್ತದೆ. ರೀಸ್ಟಾರ್ಟ್ ಮಾಡಿದರೆ ಪಾಟಿ ಒರೆಸಿದ ಹಾಗೆ ಎಲ್ಲ ಮೊದಲಿನಂತೆ. ಮೈಕ್ರೋಸಾಫ್ಟ್ ಇದೇ ಸೌಲಭ್ಯವನ್ನು ಸ್ಟೆಡಿಸ್ಟೇಟ್ ಹೆಸರಿನಲ್ಲಿ ಪುಕ್ಕಟೆ ಕೊಟ್ಟಿತ್ತು. ಗ್ರಂಥಾಲಯಗಳಿಗೆ ಅದು ವರವಾಗಿತ್ತು. ಅದನ್ನು ವಿಂಡೋಸ್ 7ಕ್ಕೆ ಒಗ್ಗಿಸದೆ 2011ರಲ್ಲಿ ಬೆಂಬಲ ನಿಲ್ಲಿಸಿದ್ದು ತಪ್ಪು ನಿರ್ಧಾರ. ಅದೇ ವರ್ಷ ಮಾರುಕಟ್ಟೆಗೆ ಬಂದ ಕ್ರೋಮ್‌ಬುಕ್‌ನ ಅತಿಥಿ ಖಾತೆ, ಎದ್ದು ಹೋದವರ ಗುರುತನ್ನು ತಾನಾಗಿ ಅಳಿಸುತ್ತದೆ.

2011ರಲ್ಲೇ ಕೇಂದ್ರ ಸರ್ಕಾರದ ಸೈಬರ್ ಕೆಫೆ ನಿಯಮಗಳೂ ಬಂದವು. ಗುರುತಿನ ಚೀಟಿ ತೋರಿಸಬೇಕು, ದಾಖಲೆಯನ್ನು ಒಂದು ವರ್ಷ ಇಡಬೇಕು, ಕ್ಯಾಬಿನ್ ಗೋಡೆ ನಾಲ್ಕೂವರೆ ಅಡಿ ಮೀರಬಾರದು. ಇಲ್ಲಿ ನಿರ್ಬಂಧ ಯಂತ್ರವನ್ನು ಬಿಟ್ಟು ಮನುಷ್ಯನ ಮೇಲೆಯೇ ಬಂತು. ಎದ್ದು ಹೋದವರ ಇಮೇಲ್ ಮುಂದಿನವರಿಗೆ ತೆರೆದುಕೊಳ್ಳುವ ಅಪಾಯ ಗೋಡೆ ತಗ್ಗಿಸಿದರೆ ತಪ್ಪುವುದಿಲ್ಲ.

ಶಾಲೆ, ಗ್ರಂಥಾಲಯಗಳ ಕಂಪ್ಯೂಟರ್ ನೋಡಿಕೊಳ್ಳುವವರಲ್ಲಿ ಒಂದು ಕೋರಿಕೆ. ಲಾಕ್ ಮಾಡುವ ಮುನ್ನ ಕನ್ನಡ ಕೀಲಿಮಣೆ ಹಾಕಿಡಿ. ಅಕ್ಷರ ದೊಡ್ಡದು ಮಾಡಿಕೊಳ್ಳುವ ಅವಕಾಶ ಕಿತ್ತುಕೊಳ್ಳಬೇಡಿ. ಪ್ರತಿ ಲಾಗೌಟ್‌ಗೂ ಹಿಂದಿನವರ ಕಡತ, ಪಾಸ್‌ವರ್ಡ್ ಅಳಿಸಿಹೋಗುವಂತೆ ಮಾಡಿ, ಹಾಗೆ ಅಳಿಸಿಹೋಗುತ್ತದೆಂದು ಯಂತ್ರದ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ಅಂಟಿಸಿ.